ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿ

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗಾಗಿ ದುಡಿದ ಮಹನೀಯರಲ್ಲಿ ಆಲ್ಬರ್ಟ್ ಸಿಡ್ನಿ ಹಾರ್ನ್‌ಬಿಯವರು ಅಗ್ರಗಣ್ಯರು. ಆಕ್ಸ್‌ಫರ್ಡಿನ ವಿದ್ಯಾರ್ಥಿ ನಿಘಂಟನ್ನು ತೆರೆದವರೆಲ್ಲರೂ ಅರಿತೋ ಅರಿಯದೆಯೋ ಇವರಿಗೆ ಋಣಿಗಳು.

ಹಾರ್ನ್‌ಬಿಯವರು 1898ರಲ್ಲಿ ಇಂಗ್ಲೆಂಡಿನ ಚೆಸ್ಟರ್ ನಗರದಲ್ಲಿ ಜನಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1924ರಲ್ಲಿ ಅಧ್ಯಾಪಕರಾಗಿ ಜಪಾನಿಗೆ ತೆರಳಿದರು. ಕ್ಯೂಷೂ ದ್ವೀಪದ ಓಯಿಟ ಎಂಬ ಊರಿನಲ್ಲಿ ಸಾಹಿತ್ಯವನ್ನು ಬೋಧಿಸಹೊರಟ ಅವರಿಗೆ, ವಿದ್ಯಾರ್ಥಿಗಳಿಗೆ ಮೊದಲು ಬೇಕಾದುದು ಭಾಷೆಯೇ ಎಂಬುದು ಮನವರಿಕೆಯಾಯಿತು. ಆ ಕಾಲದಲ್ಲಿ ಟೋಕಿಯೋದಲ್ಲಿ ಹೆರಾಲ್ಡ್ ಪಾಮರ್ ಎಂಬ ವಿದ್ವಾಂಸರು ಇಂಗ್ಲಿಷ್ ಬೋಧನೆಯ ಸಂಶೋಧನೆಯಲ್ಲಿ ತೊಡಗಿದ್ದರು. ಹಾರ್ನ್‌ಬಿಯವರು ಅವರ ಬಳಗವನ್ನು ಸೇರಿದರು. 1936ರಲ್ಲಿ ಪಾಮರ್ ಸ್ವದೇಶಕ್ಕೆ ಮರಳಿದಾಗ ಆ ಕಾರ್ಯದ ಹೊಣೆ ಇವರ ಮೇಲೆ ಬಿದ್ದಿತು.

ಅವರು ಬಿಡಿಸಹೊರಟ ತೊಡಕು ನಮಗೂ ಪರಿಚಿತವೇ. ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಮುಂದೆ ಮತ್ತೊಂದು ಬಂದಾಗ 'ಟು ರೀಡ್' ಎಂಬ ಇನ್ಫಿನಿಟಿವ್ ರೂಪವನ್ನು ಬಳಸಬೇಕೋ, 'ರೀಡಿಂಗ್' ಎಂಬ ಜೆರಂಡ್ ರೂಪವನ್ನೋ? 'ಹೋಪ್' ಎಂಬುದು ಮೊದಲನೆಯದನ್ನು ಬೇಡುತ್ತದೆ. 'ಎಂಜಾಯ್', 'ಅವಾಯ್ಡ್', 'ಫಿನಿಷ್' ಎಂಬುವು ಎರಡನೆಯದನ್ನು ಬೇಡುತ್ತವೆ. 'ಬಿಗಿನ್' ಎರಡಕ್ಕೂ ಒಪ್ಪುತ್ತದೆ. 'ಸ್ಟಾಪ್' ಸಹ ಎರಡಕ್ಕೂ ಒಪ್ಪುತ್ತದೆಯಾದರೂ ಅರ್ಥ ಬೇರೆಯಾಗುತ್ತದೆ: 'ಸ್ಟಾಪ್ಡ್ ರೀಡಿಂಗ್' ಎಂದರೆ ಓದುವುದನ್ನು ನಿಲ್ಲಿಸಿದನು, 'ಸ್ಟಾಪ್ಡ್ ಟು ರೀಡ್' ಎಂದರೆ ಓದಲು ನಿಂತನು. ಇಲ್ಲಿ ನಮ್ಮ ಕನ್ನಡವೇ ದಾರಿ ತೋರಿಸುತ್ತದೆ. ಆದರೆ ಎಲ್ಲೆಡೆಯೂ ಹಾಗಲ್ಲ. 'ಹೊರಡಲು ಸೂಚಿಸಿದರು' ಎಂಬುದನ್ನು ನಂಬಿ 'ಸಜೆಸ್ಟೆಡ್ ಟು ಗೋ' ಎಂದು ಬರೆದರೆ ತಪ್ಪು. 'ಸಜೆಸ್ಟೆಡ್ ಗೋಯಿಂಗ್' ಎನ್ನಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಈ ನಗರಕ್ಕೆ ಬಂದ ನಾವು ನಮ್ಮ ಮೊದಲ ನೌಕರಿಯ ಅರ್ಜಿಯಲ್ಲಿ ಇಂತಹುದೇ ತಪ್ಪು ಮಾಡಿ ತಲೆತಗ್ಗಿಸಿದ್ದುಂಟು.

ಇಂಗ್ಲಿಷರು ಇದನ್ನು ತಾಯಿಯ ಮಡಿಲಲ್ಲೇ ಕಲಿತಿರುತ್ತಾರೆ. ಆದುದರಿಂದ ಅವರಿಗಾಗಿ ರಚಿತವಾದ ನಿಘಂಟುಗಳು ಪದದ ಅರ್ಥವನ್ನು ಹೇಳಿ ಸುಮ್ಮನಾಗುತ್ತಿದ್ದವು. ಹಾರ್ನ್‌ಬಿಯವರು ಪರಭಾಷಿಕರ ತಪ್ಪನ್ನು ದಡ್ಡತನವೆನ್ನಲಿಲ್ಲ. ಪುಸ್ತಕಗಳ ಕೊರತೆಯೆಂದು ತಿಳಿದರು. ಕ್ರಿಯಾಪದಗಳ ನಡೆಯನ್ನು ಪರಿಶೀಲಿಸಿ, 25 ವಾಕ್ಯ ಮಾದರಿಗಳಾಗಿ ವಿಂಗಡಿಸಿ, ಯಾವ ಪದ ಯಾವ ಮಾದರಿಗೆ ಸೇರಿದ್ದೆಂದು ನಿಘಂಟಿನಲ್ಲಿಯೇ ಗುರುತು ಹಾಕಿದರು. ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಎಂಬವರು ಈ ಕಾರ್ಯದಲ್ಲಿ ಜೊತೆಗೂಡಿದರು.

ಅಷ್ಟರಲ್ಲಿ ಯುದ್ಧವು ಬಂದಿತು. 1941ರ ಡಿಸೆಂಬರಿನಲ್ಲಿ ಜಪಾನ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿದಾಗ ಹಾರ್ನ್‌ಬಿಯವರು ಬಂಧಿತರಾದರು. ಮರುವರ್ಷ ಆ ದೇಶವನ್ನು ಬಿಟ್ಟರು. ಸೋಜಿಗವೆಂದರೆ, ಅವರ ನಿಘಂಟು ಅದೇ 1942ರಲ್ಲಿ, ಅದೇ ಟೋಕಿಯೋದಲ್ಲಿ ಅಚ್ಚಾಯಿತು! ರಾಷ್ಟ್ರಗಳು ಕಾದಾಡುತ್ತಿದ್ದಾಗಲೂ ಕಲಿಯುವ ಮಕ್ಕಳಿಗೆ ಆ ಪುಸ್ತಕ ಬೇಕಾಗಿತ್ತು. 1948ರಲ್ಲಿ ಆಕ್ಸ್‌ಫರ್ಡಿನವರು ಅದೇ ಪುಟಗಳ ಛಾಯಾಪ್ರತಿಯಿಂದ ಅದನ್ನು ಮರುಮುದ್ರಿಸಿದರು. ಅಲ್ಲಿಂದ ಅದು ಲೋಕವನ್ನೆಲ್ಲ ಸುತ್ತಿತು.

ಜಪಾನನ್ನು ಬಿಟ್ಟ ಬಳಿಕ ಹಾರ್ನ್‌ಬಿಯವರು ಇರಾನಿನಲ್ಲಿ ಸೇವೆ ಸಲ್ಲಿಸಿದರು. 1946ರಲ್ಲಿ ಇಂಗ್ಲಿಷ್ ಬೋಧಕರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿದರು. ಗ್ರಂಥಗಳಿಂದ ಬಂದ ಹಣವನ್ನು ತಮಗಾಗಿಯೇ ಇಟ್ಟುಕೊಳ್ಳದೆ, 1961ರಲ್ಲಿ ಧರ್ಮನಿಧಿಯೊಂದನ್ನು ಸ್ಥಾಪಿಸಿ, ಪರದೇಶಗಳ ಇಂಗ್ಲಿಷ್ ಅಧ್ಯಾಪಕರ ಶಿಕ್ಷಣಕ್ಕೆ ವಿನಿಯೋಗಿಸಿದರು. 1978ರಲ್ಲಿ ಅವರು ಕಾಲವಶರಾದರು.

ವಿದ್ಯಾರ್ಥಿಗಳೇ, ತರಗತಿಯಲ್ಲಿ ತಪ್ಪಿದಾಗ ಎದೆಗುಂದಬೇಡಿರಿ. ನಿಮ್ಮಂತೆಯೇ ತಪ್ಪಿದ ಜಪಾನೀ ಹುಡುಗರಿಂದಲೇ ಈ ಮಹಾಗ್ರಂಥ ಹುಟ್ಟಿತು. ಹೊಸ ಕ್ರಿಯಾಪದವೊಂದನ್ನು ಬರೆದುಕೊಳ್ಳುವಾಗ ಅದರ ಅರ್ಥವನ್ನಷ್ಟೇ ಬರೆಯದೆ, ಅದರ ಮುಂದೆ ಯಾವ ರೂಪವು ಬರುವುದೆಂದೂ ಒಂದು ಚಿಕ್ಕ ವಾಕ್ಯದಲ್ಲಿ ಬರೆದಿಡಿರಿ. ಹಾರ್ನ್‌ಬಿಯವರು ಮಾಡಿದುದೂ ಇದನ್ನೇ.