ಮತದ ಜತೆ ನೋಟು ಕೇಳಿದ ಗೌಡರು

ಅಭ್ಯರ್ಥಿಗಳ ಆಸ್ತಿ ವಿವರದ ಮಾತು ಬಂದಾಗಲೆಲ್ಲ ನಮ್ಮ ಯಲಬುರ್ಗಾ ಕಡೆಯ ಹಿರಿಯರು ಒಂದು ವಾದ ಹೂಡುತ್ತಾರೆ. ಶಾಂತವೇರಿ ಗೋಪಾಲಗೌಡರ ಕಾಲದಲ್ಲಿ ಅಫಿಡವಿಟ್ ಎಲ್ಲಿತ್ತು, ಆದರೂ ಜನ ನಂಬಲಿಲ್ಲವೇ ಎನ್ನುತ್ತಾರೆ. ಗೌಡರ ಬದುಕಿನ ಬಗ್ಗೆ ಓದಿದಷ್ಟೂ ನನಗೆ ಈ ವಾದ ಒಪ್ಪಿಗೆಯಾಗುತ್ತಿಲ್ಲ.

ಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ತಂದೆ ಅಂಚೆ ಪೇದೆ. ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಅದರ ಮೂಲದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯಲು ಭೂಮಾಲೀಕರು ದೊಡ್ಡ ಕೊಳಗ ಬಳಸುತ್ತಿದ್ದರು. ಧಣಿಯನ್ನು ನಂಬಿ ಸುಮ್ಮನಿರಿ ಎಂದರೆ ಒಪ್ಪದ ರೈತರು ಅಳತೆಯನ್ನೇ ಪ್ರಶ್ನಿಸಿದರು. ಗೌಡರು ಆ ಹೋರಾಟದ ಮುಂಚೂಣಿಗೆ ಬಂದರು. ರಾಮಮನೋಹರ ಲೋಹಿಯಾ ಕೂಡ ಅಲ್ಲಿಗೆ ಬಂದು ಬಂಧನಕ್ಕೊಳಗಾದರು.

ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಇನ್ನೂ 30 ತುಂಬದ ಗೌಡರ ಕೈಯಲ್ಲಿ ಕಾಸಿರಲಿಲ್ಲ. ಮತದ ಜತೆಗೆ ಒಂದು ನೋಟನ್ನೂ ಕೊಡಿ ಎಂದು ಮತದಾರರನ್ನೇ ಕೇಳಿ ಗೆದ್ದು ವಿಧಾನಸಭೆಗೆ ಹೋದರು. (ಈಗ ನೋಟು ಎದುರು ದಿಕ್ಕಿನಿಂದ ಬರುತ್ತದೆ, ಆ ಮಾತು ಬೇರೆ.) ಅದೇ ಚುನಾವಣೆಯಲ್ಲಿ, ಆಗ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಗೆದ್ದಿದ್ದರು.

1957ರಲ್ಲಿ ಗೌಡರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಭೂಸುಧಾರಣೆಗಾಗಿ ಸದನದಲ್ಲಿ ಗುಡುಗಿದ ಅವರು ತಮಗಾಗಿ ಆಸ್ತಿ ಮಾಡಿಕೊಳ್ಳಲಿಲ್ಲ. ದೀರ್ಘ ಕಾಯಿಲೆಯ ನಂತರ 1972ರ ಜೂನ್ 9ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಗೆ ಇವರ ಬದುಕೇ ಪ್ರೇರಣೆ.

ಹಾಗಾದರೆ ಜನ ಅವರನ್ನು ಲೆಕ್ಕ ಕೇಳದೆ ನಂಬಿದರೇ? ಇಲ್ಲ. ಅವರ ಚುನಾವಣೆಗೆ ದುಡ್ಡು ಕೊಟ್ಟವರೇ ಮತದಾರರು. ಅದು ಯಾರ ಜೇಬಿನಿಂದ ಬಂತು ಎಂಬುದು ಊರಿಗೇ ಗೊತ್ತಿತ್ತು. ಈಗ ಕೊಪ್ಪಳ ಲೋಕಸಭಾ ಕ್ಷೇತ್ರವನ್ನೇ ನೋಡಿ. ಗಂಗಾವತಿ, ಕುಷ್ಟಗಿಗಳ ಜತೆ ಸಿಂಧನೂರು, ಮಸ್ಕಿ, ಸಿರುಗುಪ್ಪವೂ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು, ಮೂರು ಜಿಲ್ಲೆಗಳು. ಅಭ್ಯರ್ಥಿಯ ಮನೆ, ಗದ್ದೆ, ಸಾಲ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಆಸ್ತಿ ತಿಳಿಯುವುದು ಮತದಾರನ ಹಕ್ಕು ಎಂದಿತು. 2018ರಲ್ಲಿ ಆದಾಯದ ಮೂಲವನ್ನೂ ಹೇಳಬೇಕು ಎಂದಿತು. ನಮ್ಮ ರಾಜ್ಯದ ಶಾಸಕರು ಲೋಕಾಯುಕ್ತರಿಗೆ ಪ್ರತಿವರ್ಷ ಆಸ್ತಿ ವಿವರ ಸಲ್ಲಿಸಬೇಕು.

ಅಫಿಡವಿಟ್‌ನಲ್ಲಿ ಬರೆದದ್ದೆಲ್ಲ ನಿಜವೇ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಐದು ವರ್ಷದ ಹಿಂದಿನ ಅಫಿಡವಿಟ್ಟನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟರೆ ಜಮೀನು ಎಷ್ಟು ಎಕರೆ ಹೆಚ್ಚಿತು, ಸಾಲ ಎಲ್ಲಿ ಕರಗಿತು ಎಂದು ಕೇಳಲು ನಮಗೊಂದು ಆಧಾರವಾದರೂ ಸಿಗುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಅವನ್ನು ಯಾರು ಬೇಕಾದರೂ ತೆರೆಯಬಹುದು. ಮುಂದಿನ ಚುನಾವಣೆಗೆ ನಾವು ನಾಲ್ಕೈದು ಗೆಳೆಯರು ಅವನ್ನು ಪ್ರಿಂಟ್ ಹಾಕಿಸಿ, ಊರ ಕಟ್ಟೆಯ ಮೇಲೆ ಓದು ಬಾರದವರಿಗೆ ಓದಿ ಹೇಳಬೇಕೆಂದಿದ್ದೇವೆ. ಎಲ್ಲ ಪಕ್ಷದವರದ್ದೂ.