ಮಲೆನಾಡಿನ ಪತ್ತೇದಾರ: ಪೂರ್ಣಚಂದ್ರ ತೇಜಸ್ವಿ

ಪತ್ತೇದಾರಿ ಕಥೆಯೆಂದರೆ ಒಂದು ಕೊಲೆ, ಹತ್ತಾರು ಸಂಶಯ, ಒಬ್ಬ ಚತುರನಾದ ಪತ್ತೇದಾರ, ಕೊನೆಯ ಪುಟದಲ್ಲಿ ಕೈಗೆ ಸಿಕ್ಕುವ ಅಪರಾಧಿ, ಇಷ್ಟೇ ಎಂದು ನಾನು ಬಹುಕಾಲ ತಿಳಿದುಕೊಂಡಿದ್ದೆನು. ಅಂತಹ ಪುಸ್ತಕಗಳನ್ನು ಪಾಠಪುಸ್ತಕದ ನಡುವೆ ಅಡಗಿಸಿಟ್ಟು ಓದಬೇಕೇ ಹೊರತು ಅವುಗಳನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವಂತಿಲ್ಲ ಎಂಬ ಭಾವನೆಯೂ ನನ್ನಲ್ಲಿದ್ದಿತು. ಈ ತಿಳಿವಳಿಕೆಯನ್ನು ತಿದ್ದಿದವರು ಶ್ರೀ ಪೂರ್ಣಚಂದ್ರ ತೇಜಸ್ವಿಯವರು. ನಾನು ಸರಿಯಾಗಿ ಮಾತು ಕಲಿಯುವ ಮೊದಲೇ ಅವರು ತೀರಿಕೊಂಡಿದ್ದರು. ಆದರೂ ಕಳೆದ ಎರಡು ವರ್ಷಗಳಲ್ಲಿ ನಮ್ಮ ಮನೆಯ ಒಂದು ಕಷ್ಟದ ಕಾಲದಲ್ಲಿ ಅವರು ನನ್ನ ಪಕ್ಕದಲ್ಲಿಯೇ ಇದ್ದಂತೆ ಅನಿಸಿತು. ಆದುದರಿಂದ ಅವರ ಜೀವನವನ್ನು ನನಗೆ ತಿಳಿದ ಮಟ್ಟಿಗೆ ಗುರುಹಿರಿಯರ ಹಾಗೂ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಅವರ ಹೆಸರಿನ ಕಡೆಗೆ ನನ್ನನ್ನು ಕರೆದೊಯ್ದವರು, ಅವರ ಒಂದು ಪುಸ್ತಕವನ್ನೂ ಓದದ ನನ್ನ ಅಮ್ಮ. ಅಮ್ಮ ಚಿಕ್ಕ ಹುಡುಗಿಯಾಗಿದ್ದಾಗ, 1990ರ ಸುಮಾರಿಗೆ, ದೂರದರ್ಶನದಲ್ಲಿ 'ಗುಡ್ಡದ ಭೂತ' ಎಂಬ ಧಾರಾವಾಹಿ ಬರುತ್ತಿದ್ದಿತು. ನಮ್ಮ ಕರಾವಳಿಯ ಭೂತ, ಗುಡ್ಡ, ಹಳೆಯ ಮನೆಗಳ ನಡುವೆ ನಡೆಯುವ ರಹಸ್ಯದ ಕಥೆ ಅದು. ಊರಿನಲ್ಲಿ ಟಿ.ವಿ. ಇದ್ದುದು ಒಂದೇ ಮನೆಯಲ್ಲಿ. ಆ ಮನೆಯ ಜಗಲಿಯಲ್ಲಿ ಮಕ್ಕಳೆಲ್ಲ ಸೇರಿ ನೋಡಿ, ಹಿಂದಿರುಗುವಾಗ ಕತ್ತಲೆಗೆ ಹೆದರಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಓಡಿ ಬರುತ್ತಿದ್ದರಂತೆ. ಬೀಡಿ ಕಟ್ಟುತ್ತ ಕುಳಿತ ಅಮ್ಮ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅದರ ನಿರ್ದೇಶಕರು ಸದಾನಂದ ಸುವರ್ಣರು. ಅದೇ ಸುವರ್ಣರು 1992ರಲ್ಲಿ 'ಕುಬಿ ಮತ್ತು ಇಯಾಲ' ಎಂಬ ಚಲನಚಿತ್ರವನ್ನು ಮಾಡಿದರೆಂದೂ ಅದರ ಕಥೆ ತೇಜಸ್ವಿಯವರದೆಂದೂ ನಮ್ಮ ಕನ್ನಡ ಅಧ್ಯಾಪಕರಿಂದ ತಿಳಿಯಿತು. ಹಳ್ಳಿಯ ವೈದ್ಯನೊಬ್ಬ ಹುಡುಗಿಯೊಬ್ಬಳ ಸಾವಿನ ಹಿಂದಿನ ಸತ್ಯವನ್ನು ಹುಡುಕುವ ಕಥೆಯದು. ಮುಂದೆ ಈ ಶತಮಾನದ ಮೊದಲ ದಶಕದಲ್ಲಿ ಗಿರೀಶ ಕಾರ್ನಾಡರು ತೇಜಸ್ವಿಯವರ 'ಚಿದಂಬರ ರಹಸ್ಯ' ಕಾದಂಬರಿಯನ್ನು ದೂರದರ್ಶನಕ್ಕೆ ಅಳವಡಿಸಿದರು. ಹೀಗೆ ಅಮ್ಮನ ಭೂತದ ಕಥೆಯ ಜಾಡು ಹಿಡಿದು ನಾನು ಗ್ರಂಥಾಲಯದ ಕಪಾಟಿನ ಮುಂದೆ ನಿಂತೆನು.

ನಮ್ಮ ಕೊಕ್ಕರ್ಣೆಯಿಂದ ಹೆಬ್ರಿ, ಸೋಮೇಶ್ವರಗಳ ಮೇಲೆ ಆಗುಂಬೆಯ ಘಾಟಿ ಹತ್ತಿದರೆ ತೀರ್ಥಹಳ್ಳಿ ಸೀಮೆ ಸಿಕ್ಕುತ್ತದೆ. ಆ ತಾಲೂಕಿನ ಕುಪ್ಪಳಿಯ ಮನೆತನದಲ್ಲಿ 1938ನೆಯ ಇಸವಿ ಸೆಪ್ಟೆಂಬರ್ 8ರಂದು ತೇಜಸ್ವಿಯವರ ಜನನವಾಯಿತು. ತಂದೆ ರಾಷ್ಟ್ರಕವಿ ಕುವೆಂಪು, ತಾಯಿ ಹೇಮಾವತಿಯವರು. ವಿದ್ಯಾಭ್ಯಾಸ ಮುಖ್ಯವಾಗಿ ಮೈಸೂರಿನಲ್ಲಿ ನಡೆಯಿತು. ಅವರು ಹದಿಹರೆಯದಲ್ಲಿದ್ದಾಗ ತಂದೆಯವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ದೊಡ್ಡ ಮರದ ನೆರಳಿನಲ್ಲಿ ಚಿಕ್ಕ ಗಿಡಗಳು ಬೆಳೆಯುವುದು ಕಷ್ಟವೆನ್ನುತ್ತಾರೆ. ತೇಜಸ್ವಿಯವರು ಆ ನೆರಳನ್ನು ದೂರಲಿಲ್ಲ, ಅದರಡಿಯಲ್ಲಿ ಕುಳಿತುಕೊಳ್ಳಲೂ ಇಲ್ಲ. ತಮ್ಮ ಬಿಸಿಲನ್ನು ತಾವೇ ಹುಡುಕಿಕೊಂಡು ಹೊರಟರು.

ಕನ್ನಡದಲ್ಲಿ ಎಂ.ಎ. ಪದವಿ ಪಡೆದವರಿಗೆ ಅಧ್ಯಾಪಕ ವೃತ್ತಿ ಕೈಗೆ ಎಟಕುವಂತಿದ್ದ ಕಾಲ ಅದು. ಅದರಲ್ಲಿಯೂ ಕುವೆಂಪು ಅವರ ಮಗನಿಗೆ ಬಾಗಿಲು ಮುಚ್ಚುವವರು ಯಾರಿದ್ದರು? ಆದರೆ ಅವರು ನೌಕರಿಯ ದಾರಿಯನ್ನೇ ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಡೆಗೆ ಹೋಗಿ, ಕಾಡಿನಂಚಿನ ಜಮೀನಿನಲ್ಲಿ ಕಾಫಿ ಬೆಳೆಯಲು ತೊಡಗಿದರು. ಆ ತೋಟಕ್ಕೆ 'ಚಿತ್ರಕೂಟ'ವೆಂದು ಹೆಸರಿಟ್ಟರು. 1966ರಲ್ಲಿ ಅಲ್ಲಿಯೇ ರಾಜೇಶ್ವರಿಯವರೊಡನೆ ಅವರ ವಿವಾಹವಾಯಿತು. ಪುರೋಹಿತರಿಲ್ಲ, ವಾದ್ಯವಿಲ್ಲ, ಆಡಂಬರವಿಲ್ಲ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದ ವಿಧಿಯಂತೆ ನಡೆದ ಮದುವೆಯದು. ಮಗಳ ಮದುವೆಗೆಂದು ತಂದ ಸಾಲವನ್ನು ವರ್ಷಗಟ್ಟಲೆ ತೀರಿಸುವ ಕುಟುಂಬಗಳು ನಮ್ಮ ಸುತ್ತ ಇಂದಿಗೂ ಇರುವಾಗ, ಆ ಮದುವೆಯ ಸರಳತೆಯು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮುಂದೆ ಆ ದಂಪತಿಗಳು ಮೂಡಿಗೆರೆಯ ಸಮೀಪದ 'ನಿರುತ್ತರ' ಎಂಬ ಮನೆಯಲ್ಲಿ ನೆಲಸಿದರು. ಇಬ್ಬರು ಹೆಣ್ಣುಮಕ್ಕಳು ಅವರಿಗೆ. ಉತ್ತರವಿಲ್ಲದ್ದು ಎಂಬ ಅರ್ಥದ ಹೆಸರನ್ನು ಮನೆಗಿಟ್ಟುಕೊಂಡವರು ಜೀವನವಿಡೀ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದರು.

ಅವರ ಆಸಕ್ತಿಗಳನ್ನು ಪಟ್ಟಿ ಮಾಡಹೊರಟರೆ ಈ ಪುಟ ಸಾಲದು. ಹಕ್ಕಿಗಳ ಫೋಟೋ ತೆಗೆಯಲು ಗಂಟೆಗಟ್ಟಲೆ ಪೊದೆಯ ಮರೆಯಲ್ಲಿ ಕುಳಿತಿರುತ್ತಿದ್ದರು. ಗಾಳ ಹಿಡಿದು ಮೀನಿಗಾಗಿ ಹೊಳೆಯ ದಡದಲ್ಲಿ ಕಾಯುತ್ತಿದ್ದರು. ಯಂತ್ರ ಕೆಟ್ಟರೆ ಬಿಚ್ಚಿ ನೋಡುತ್ತಿದ್ದರು. ರೈತ ಚಳವಳಿಯ ಆರಂಭದ ದಿನಗಳಲ್ಲಿ ಗೆಳೆಯರೊಡನೆ ಊರೂರು ತಿರುಗಿದರು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬಾರದಿದ್ದರೆ ಭಾಷೆಗೆ ಮುಂದೆ ಉಳಿವಿಲ್ಲವೆಂದು ಅನೇಕರಿಗಿಂತ ಮೊದಲೇ ಎಚ್ಚರಿಸಿದರು. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು 'ಕಾಡಿನ ಕಥೆಗಳು' ಎಂಬ ಮಾಲೆಯಾಗಿ ಕನ್ನಡಕ್ಕೆ ತಂದರು. ನರಭಕ್ಷಕ ಹುಲಿಯ ಜಾಡು ಹಿಡಿಯುವುದೂ ಒಂದು ಬಗೆಯ ಪತ್ತೇದಾರಿಯೇ ಅಲ್ಲವೆ?

ಇನ್ನು ಅವರ ಸಾಹಿತ್ಯದ ವಿಚಾರ. 1973ರಲ್ಲಿ ಪ್ರಕಟವಾದ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು, ಆ ಕಾಲದಲ್ಲಿ ಮೆರೆಯುತ್ತಿದ್ದ ನವ್ಯ ಮಾರ್ಗದಿಂದ ದೂರ ಸರಿದು ಹೊಸ ದಿಗಂತವನ್ನು ಅರಸುವುದಾಗಿ ಸಾರಿದರು. ಅಲ್ಲಿಂದಾಚೆಗೆ ಅವರ ಕಥೆಗಳ ಒಳಗೆ ಯಾವುದಾದರೊಂದು ಹುಡುಕಾಟ ಇದ್ದೇ ಇರುತ್ತದೆ. 1980ರ 'ಕರ್ವಾಲೊ' ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಅಡಿಗೆಯ ಕರಿಯಪ್ಪ ಮುಂತಾದವರು ಸೇರಿ ಹಾರುವ ಓತಿಯೊಂದನ್ನು ಹುಡುಕುತ್ತ ಕಾಡು ಹೊಕ್ಕುತ್ತಾರೆ. 1994ರ 'ಜುಗಾರಿ ಕ್ರಾಸ್' ಕಾದಂಬರಿಯಲ್ಲಿ ಏಲಕ್ಕಿ ಮಾರಲು ಹೊರಟ ಯುವ ದಂಪತಿಗಳು ಒಂದೇ ದಿನದ ಅವಧಿಯಲ್ಲಿ ಕಳ್ಳಸಾಗಣೆ, ಕೊಲೆಗಳ ಸುಳಿಗೆ ಸಿಕ್ಕುತ್ತಾರೆ. ಓದಲು ಹಿಡಿದರೆ ಕೆಳಗಿಡುವಂತಿಲ್ಲ. ಗಂಭೀರ ಸಾಹಿತ್ಯವೆಂದರೆ ಓದುಗನಿಗೆ ಆಯಾಸವಾಗಲೇಬೇಕೆಂಬ ನಿಯಮವೇನೂ ಇಲ್ಲವೆಂಬುದನ್ನು ಅವರು ಬರೆದೇ ತೋರಿಸಿದರು.

ಇವುಗಳಲ್ಲೆಲ್ಲ ನನ್ನನ್ನು ಹೆಚ್ಚಾಗಿ ಕಾಡಿದ್ದು 1985ರ 'ಚಿದಂಬರ ರಹಸ್ಯ'. ಇದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕೆಸರೂರು ಎಂಬ ಮಲೆನಾಡಿನ ಊರಿನಲ್ಲಿ ಏಲಕ್ಕಿಯ ಬೆಳೆ ಕುಸಿಯುತ್ತಿದೆ. ಏಲಕ್ಕಿಯ ಸಂಶೋಧನೆಯಲ್ಲಿ ತೊಡಗಿದ್ದ ಜೋಗಿಹಾಳರು ಸತ್ತಿದ್ದಾರೆ. ಇದರ ಹಿಂದೆ ಸಂಚು ಇದೆಯೇ ಎಂದು ತಿಳಿಯಲು ಶ್ಯಾಮನಂದನ ಅಂಗಾಡಿ ಎಂಬ ಗುಪ್ತಚರ ಅಧಿಕಾರಿ ಬರುತ್ತಾನೆ. ಇಲ್ಲಿಯವರೆಗೆ ಇದು ಎಲ್ಲ ಪತ್ತೇದಾರಿ ಕಾದಂಬರಿಗಳಂತೆಯೇ ಇದೆ. ಆದರೆ ಅಂಗಾಡಿ ಹುಡುಕುತ್ತ ಹೋದಂತೆ ಕಾಣಿಸುವುದು ಒಬ್ಬ ಕೊಲೆಗಾರನ ಮುಖವಲ್ಲ, ಇಡೀ ಊರಿನ ಮುಖ. ಮರಗಳ್ಳರು, ಜಾತಿ-ಮತಗಳ ಹಗೆ, ಮಾತಿನಲ್ಲಿಯೇ ಕ್ರಾಂತಿ ಮಾಡುವ ತರುಣರು, ಜಯಂತಿ ಮತ್ತು ರಫಿ ಎಂಬ ಬೇರೆ ಬೇರೆ ಮತದ ಇಬ್ಬರು ಎಳೆಯರ ಪ್ರೇಮ, ಇವೆಲ್ಲದರ ಸುತ್ತ ಸದ್ದಿಲ್ಲದೆ ಹಬ್ಬುತ್ತಿರುವ ಲಂಟಾನದ ಪೊದೆ. ಕೊನೆಗೆ ಆ ಪೊದೆಗಳಿಗೆ ಬೆಂಕಿ ಬಿದ್ದು ಊರನ್ನು ಮುತ್ತುತ್ತದೆ. ಯಾರೋ ಒಬ್ಬನ ಕೊರಳಿಗೆ ಅಪರಾಧವನ್ನು ಕಟ್ಟಿ ನೆಮ್ಮದಿಯಾಗಿ ಪುಸ್ತಕ ಮುಚ್ಚಲು ತೇಜಸ್ವಿಯವರು ನಮ್ಮನ್ನು ಬಿಡುವುದಿಲ್ಲ. ಪೊದೆ ಬೆಳೆಯುವುದನ್ನು ಎಲ್ಲರೂ ನೋಡುತ್ತಿದ್ದರು, ಕಡಿಯಲು ಯಾರೂ ಮುಂದಾಗಲಿಲ್ಲ. ಅಪರಾಧ ಇರುವುದು ಅಲ್ಲಿಯೇ ಎಂದು ನಾನು ತಿಳಿದೆನು.

ಈ ಕಾದಂಬರಿಯನ್ನು ನಾನು ಓದಿದ ಮಳೆಗಾಲದಲ್ಲಿಯೇ, ಅಪ್ಪಯ್ಯ ಕೂಲಿಗೆ ಹೋಗುವ ಅಡಿಕೆ ತೋಟದಲ್ಲಿ ಎಲೆಚುಕ್ಕಿ ರೋಗ ಕಾಣಿಸಿಕೊಂಡಿತು. ಆ ತೋಟ ನಮ್ಮದಲ್ಲ. ಆದರೆ ಅಲ್ಲಿ ಮರ ಹತ್ತಿ ಮದ್ದು ಬಿಟ್ಟು, ಕೊನೆ ತೆಗೆದು ಅಪ್ಪಯ್ಯ ತಂದ ಕೂಲಿಯಿಂದಲೇ ನನ್ನ ಕಾಲೇಜಿನ ಶುಲ್ಕ ಸಂದಾಯವಾಗಿದೆ. ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಬಂದವರಲ್ಲಿ ನಾನೇ ಮೊದಲಿಗ. ಸೋಗೆಯ ಮೇಲೆ ಕಂದು ಚುಕ್ಕಿಗಳು ಹರಡುತ್ತಿದ್ದಂತೆ ನಮ್ಮೂರೂ ಒಂದು ಕೆಸರೂರಾಯಿತು. ಭೂತಕ್ಕೆ ನಡೆಸಬೇಕಾದ ಕೋಲ ತಪ್ಪಿದ್ದೇ ಕಾರಣವೆಂದು ಕೆಲವರು, ಪಕ್ಕದ ತೋಟದವರು ಬೇಕೆಂದೇ ಏನೋ ಮಾಡಿದ್ದಾರೆಂದು ಕೆಲವರು, ಕಾಲ ಕೆಟ್ಟಿತೆಂದು ಉಳಿದವರು ಹೇಳತೊಡಗಿದರು. ಎರಡು ಮನೆಯವರ ನಡುವೆ ಮಾತೇ ನಿಂತಿತು. ಅಪ್ಪಯ್ಯನಿಗೆ ವಾರದಲ್ಲಿ ಎರಡು ದಿನ ಮಾತ್ರ ಕೆಲಸ ಸಿಕ್ಕತೊಡಗಿತು.

ಅಂಗಾಡಿಯ ನೆನಪಾಗಿ, ನಾನು ಚುಕ್ಕಿ ಬಿದ್ದ ಸೋಗೆಯ ಒಂದು ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಕಾಲೇಜಿಗೆ ಹೋಗುವ ಬಸ್ಸಿನಲ್ಲಿಯೇ ಬ್ರಹ್ಮಾವರಕ್ಕೆ ಹೋಗಿ ತಿಳಿದವರಿಗೆ ತೋರಿಸಿದೆನು. ಅದು ಶಿಲೀಂಧ್ರದಿಂದ ಬರುವ ರೋಗವೆಂದೂ, ಗಾಳಿ ಮಳೆಯಿಂದ ಹರಡುವುದೆಂದೂ, ರೋಗ ತಗಲಿದ ಸೋಗೆಗಳನ್ನು ತೆಗೆದು ನಾಶಮಾಡಿ ಮದ್ದು ಬಿಡಬೇಕೆಂದೂ ತಿಳಿಯಿತು. ಮುಖ್ಯವಾದ ಮಾತು ಇನ್ನೊಂದಿತ್ತು. ಒಂದು ತೋಟದವರು ಮಾತ್ರ ಮಾಡಿದರೆ ಪ್ರಯೋಜನ ಸಾಲದು, ಸುತ್ತಲಿನ ತೋಟದವರೆಲ್ಲ ಒಟ್ಟಾಗಿ ಮಾಡಬೇಕು. ಅಂದರೆ ಚುಕ್ಕಿಯ ರಹಸ್ಯವನ್ನು ಬಿಡಿಸುವುದು ಸುಲಭವಾಗಿತ್ತು. ಮಾತು ಬಿಟ್ಟ ಎರಡು ಮನೆಯವರನ್ನು ಒಂದು ಅಂಗಳದಲ್ಲಿ ಕೂಡಿಸುವುದೇ ಕಷ್ಟವಾಗಿತ್ತು. ಅಪ್ಪಯ್ಯ ಎರಡೂ ಮನೆಗಳಿಗೆ ಹೋಗಿ ಹೇಳಿದರು. ಒಂದು ಮನೆಯವರು ಒಪ್ಪಿದರು. ಇನ್ನೊಂದು ಮನೆಯವರು ಒಪ್ಪಲು ಮತ್ತೊಂದು ಮಳೆಗಾಲ ಬೇಕಾಯಿತು. ಅಷ್ಟರಲ್ಲಿ ಕೆಲವು ಮರಗಳು ಹೋಗಿದ್ದವು. ಉಳಿದವುಗಳಲ್ಲಿ ಈಗ ಹೊಸ ಸೋಗೆ ಬರುತ್ತಿದೆ.

ತೇಜಸ್ವಿಯವರ ಬಗ್ಗೆ ನನಗೆ ಒಂದು ತಕರಾರೂ ಇದೆಯೆಂಬುದನ್ನು ಮುಚ್ಚಿಡಲಾರೆ. ನೌಕರಿ ಬೇಡವೆಂದು ಕಾಡಿಗೆ ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ. ಬೇಡವೆನ್ನಲು ಮೊದಲು ಕೈಯಲ್ಲಿ ಏನಾದರೂ ಇರಬೇಕು. ಈ ವರ್ಷ ಪರೀಕ್ಷೆ ಮುಗಿದ ಮೇಲೆ ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಲೇಬೇಕು. ಅಮ್ಮನ ಬೆನ್ನುನೋವು, ಅಪ್ಪಯ್ಯನ ವಯಸ್ಸು ನನಗೆ ಬೇರೆ ದಾರಿ ಬಿಟ್ಟಿಲ್ಲ. ಅವರ ಜೀವನವನ್ನು ಹಾಗೆಯೇ ಅನುಕರಿಸಬೇಕೆಂದು ನಮ್ಮಂತಹವರಿಗೆ ಯಾರಾದರೂ ಉಪದೇಶಿಸಿದರೆ ಅದು ಅನ್ಯಾಯವಾಗುತ್ತದೆ. ಆದರೆ ಅವರಿಂದ ಕಲಿಯಬಹುದಾದುದು ತೋಟ ಮಾಡುವುದಲ್ಲವೆಂದು ಈಗ ನನಗೆ ಹೊಳೆದಿದೆ. ಕಣ್ಣೆದುರಿನದನ್ನು ಚೆನ್ನಾಗಿ ನೋಡುವುದು, ಕಾರಣವನ್ನು ಕೇಳುವುದು, ಸಿಕ್ಕಿದ ಉತ್ತರದಲ್ಲಿ ನಮ್ಮ ಪಾಲೆಷ್ಟೆಂದು ಒಪ್ಪಿಕೊಳ್ಳುವುದು, ಇವಕ್ಕೆ ಜಮೀನು ಬೇಕಾಗಿಲ್ಲ, ದೊಡ್ಡ ಮನೆತನವೂ ಬೇಕಾಗಿಲ್ಲ.

2001ರಲ್ಲಿ ಕರ್ನಾಟಕ ಸರಕಾರವು ಅವರಿಗೆ ಪಂಪ ಪ್ರಶಸ್ತಿಯನ್ನು ನೀಡಿತು. 2007ನೆಯ ಇಸವಿ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ಅವರು ನಿಧನ ಹೊಂದಿದರು. ಆಗ ಅವರಿಗೆ 68 ವರ್ಷ. ಅವರ ಕಥೆಗಳು ಮಾತ್ರ ಇಂದಿಗೂ ಪರದೆಯ ಮೇಲೆ ಬರುತ್ತಲೇ ಇವೆ. 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಚಲನಚಿತ್ರವನ್ನು ನೋಡಿ ನಕ್ಕ ನಮ್ಮಲ್ಲಿ ಹಲವರಿಗೆ ಅದು ತೇಜಸ್ವಿಯವರ ಕಥೆಯೆಂಬುದು ಗೊತ್ತಿರಲಿಲ್ಲ. ಅವರು ಪುಸ್ತಕವನ್ನೂ ಓದಲಿ ಎಂಬುದೇ ನನ್ನ ಬಿನ್ನಹ. 'ಚಿದಂಬರ ರಹಸ್ಯ'ದ ಪ್ರತಿ ನಮ್ಮ ಗ್ರಂಥಾಲಯದಲ್ಲಿದೆ. ಈ ಲೇಖನಕ್ಕಾಗಿ ಅದನ್ನು ಇಷ್ಟು ದಿನ ನನ್ನ ಬಳಿಯೇ ಇಟ್ಟುಕೊಂಡಿದ್ದೆನು. ನಾಳೆ ಹಿಂದಿರುಗಿಸುತ್ತೇನೆ.