ಕೊರಳಲ್ಲಿ ಜಪಸರ ಧರಿಸಿದ ಭಿಕ್ಷುಕ

ಜನವರಿ 16 ಬಂದಾಗ ಧರ್ಮಸಭೆಯು ಸಂತ ಜೋಸೆಫ್ ವಾಜರನ್ನು ನೆನೆಯುತ್ತದೆ. ಶ್ರೀಲಂಕಾದ ಪ್ರೇಷಿತರೆಂದು ಹೆಸರಾದ ಈ ಗುರು ನಮ್ಮ ಕರಾವಳಿಯಲ್ಲೂ ಸೇವೆ ಸಲ್ಲಿಸಿದವರು.

1651ರ ಏಪ್ರಿಲ್ 21ರಂದು ಗೋವೆಯ ಬೆನೌಲಿಂನಲ್ಲಿ ಹುಟ್ಟಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಸಿಲೋನಿನ ಕ್ರೈಸ್ತರು ಗುರುಗಳಿಲ್ಲದೆ ಅನಾಥರಾಗಿದ್ದಾರೆಂಬ ಸುದ್ದಿ ಕೇಳಿ ಅಲ್ಲಿಗೆ ಹೋಗಲು ಅನುಮತಿ ಬೇಡಿದರು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಿದರು. ಅಲ್ಲಿ ಪೋರ್ಚುಗೀಸರ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷರಿಗೂ ವಿವಾದ ನಡೆದಿತ್ತು. ಜನರು ಎರಡು ಪಂಗಡವಾಗಿದ್ದರು. ವಾಜರು ಯಾರನ್ನೂ ನೋಯಿಸದೆ ಮೂರು ವರ್ಷ ಊರೂರು ಸುತ್ತಿ ಸಂಸ್ಕಾರಗಳನ್ನು ನೀಡಿದರು. ಮಂಗಳೂರಿನ ಬಳಿಯ ಮುಡಿಪು ಬೆಟ್ಟ ಇಂದಿಗೂ ಅವರ ನೆನಪಿನ ಯಾತ್ರಾಸ್ಥಳ. ತಾನು ಬಯಸಿದ್ದು ಬಿಟ್ಟು, ಒಪ್ಪಿಸಿದ್ದನ್ನು ಮನಸ್ಸಿಟ್ಟು ಮಾಡುವುದು ಸುಲಭವಲ್ಲ; ವಾಜರ ವಿಧೇಯತೆ ಪರೀಕ್ಷೆಗೊಳಗಾದದ್ದು ಇಲ್ಲಿಯೇ.

ಗೋವೆಗೆ ಮರಳಿದ ಮೇಲೆ ಒರೆಟೋರಿಯನ್ ಗುರುಗಳ ಸಮುದಾಯವನ್ನು ಸೇರಿ ಅದರ ಮುಖ್ಯಸ್ಥರಾದರು. ಆದರೆ ಸಿಲೋನಿನ ಕರೆ ಬಿಡಲಿಲ್ಲ. ಹುದ್ದೆಯನ್ನು ತೊರೆದು, ಜಾನ್ ಎಂಬ ಸೇವಕನೊಂದಿಗೆ 1686ರಲ್ಲಿ ಹೊರಟರು. 1687ರಲ್ಲಿ ಜಾಫ್ನಾ ಮುಟ್ಟಿದಾಗ ಅವರ ಮೈಮೇಲಿದ್ದುದು ಕೂಲಿಯವನ ಬಟ್ಟೆ. ಮೈಯೊಳಗೆ ತೀವ್ರ ಕಾಯಿಲೆ.

ವೇಷ ಬದಲಿಸಲು ಕಾರಣವಿತ್ತು. 1658ರಲ್ಲಿ ಡಚ್ಚರು ಜಾಫ್ನಾವನ್ನು ಗೆದ್ದು ಪೋರ್ಚುಗೀಸರನ್ನು ಹೊರಗಟ್ಟಿದ್ದರು. ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ; ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ ಕಾದಿತ್ತು. ಸುಮಾರು ಮೂವತ್ತು ವರ್ಷ ಬಲಿಪೂಜೆಯನ್ನೇ ಕಾಣದ ಜನ ಹೆದರಿಕೆಯಿಂದ ವಿಶ್ವಾಸವನ್ನು ಮುಚ್ಚಿಟ್ಟುಕೊಂಡಿದ್ದರು. ಅವರನ್ನು ಗುರುತಿಸುವುದು ಹೇಗೆ? ವಾಜರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳಿತೋ ಅಲ್ಲಿ ಮೆಲ್ಲನೆ ಮಾತು ತೆಗೆದರು. ಆಮೇಲೆ ರಾತ್ರಿಯ ಹೊತ್ತು, ಬಾಗಿಲು ಮುಚ್ಚಿ, ಪಾಪನಿವೇದನೆ, ಬಲಿಪೂಜೆ.

1692ರಲ್ಲಿ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರನೆಂದು ಅವರನ್ನು ಸೆರೆಹಿಡಿದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಸುರಿಯಿತೆಂದು ಪರಂಪರೆ ಹೇಳುತ್ತದೆ. ಬೌದ್ಧನಾದ ರಾಜ ಎರಡನೆಯ ವಿಮಲಧರ್ಮಸೂರ್ಯ ಅವರಿಗೆ ಸ್ವಾತಂತ್ರ್ಯ ಕೊಟ್ಟನು. ಕ್ರೈಸ್ತರೇ ಕ್ರೈಸ್ತ ಗುರುವನ್ನು ಅಟ್ಟುತ್ತಿದ್ದಾಗ ಬೌದ್ಧ ರಾಜನೊಬ್ಬ ನೆರಳಾದನೆಂಬುದನ್ನು ನಾವು ಮರೆಯಬಾರದು. 1697ರಲ್ಲಿ ಸಿಡುಬು ಹಬ್ಬಿ ಜನ ತಮ್ಮವರನ್ನೇ ಬಿಟ್ಟು ಓಡಿದಾಗ, ವಾಜರೂ ಜೋಸೆಫ್ ಕಾರ್ವಾಲೋ ಗುರುಗಳೂ ಮತಭೇದವೆಣಿಸದೆ ರೋಗಿಗಳ ಆರೈಕೆ ಮಾಡಿ ಸತ್ತವರನ್ನು ಮಣ್ಣುಮಾಡಿದರು.

ಇಡೀ ದ್ವೀಪಕ್ಕೆ ಬೆರಳೆಣಿಕೆಯ ಗುರುಗಳು. ಒಂದು ಊರಿಗೆ ಬಂದವರು ಮತ್ತೆ ಬರಲು ತಿಂಗಳುಗಳೇ ಬೇಕು. ಹೀಗಿದ್ದೂ ಸಭೆ ಬೆಳೆದದ್ದು ಹೇಗೆ? ವಾಜರು ಊರಿನ ಗೃಹಸ್ಥರನ್ನೇ ಮುಂದಾಳುಗಳನ್ನಾಗಿ ಮಾಡಿದರು. ಮುಪ್ಪು, ಅಣ್ಣಾವಿ ಎಂದು ಕರೆಯಲ್ಪಟ್ಟ ಇವರು ಜನರನ್ನು ಪ್ರಾರ್ಥನೆಗೆ ಸೇರಿಸಿದರು, ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು, ತುರ್ತಿನಲ್ಲಿ ದೀಕ್ಷಾಸ್ನಾನ ನೀಡಿದರು. 1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಸಿಂಹಳ, ತಮಿಳು ಭಾಷೆಗಳಲ್ಲಿ ಪುಸ್ತಕಗಳನ್ನು ಬರೆದರು. ಹೀಗೆ ವಿಶ್ವಾಸವು ಪರದೇಶದ ಸರಕಾಗಿ ಉಳಿಯದೆ ಮನೆಯ ಮಾತಾಯಿತು. ಡಚ್ಚರ ಆಳ್ವಿಕೆ 1796ರಲ್ಲಿ ಕೊನೆಗೊಂಡಾಗಲೂ ಆ ಸಭೆ ಜೀವಂತವಾಗಿತ್ತು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜರು ದೈವಾಧೀನರಾದರು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಅವರ ಸಮಾಧಿ ಎಲ್ಲಿತ್ತೆಂಬ ಗುರುತು ಇಂದು ಉಳಿದಿಲ್ಲ. ಉಳಿದಿರುವುದು ಜನರ ವಿಶ್ವಾಸ.

ನಮಗೆ ಗುಡಿಯೂ ಇದೆ, ಗುರುಗಳೂ ಇದ್ದಾರೆ, ಭಾನುವಾರದ ಗಂಟೆಯೂ ಕೇಳಿಸುತ್ತದೆ. ಇವೆಲ್ಲ ಮೂವತ್ತು ವರ್ಷ ಇಲ್ಲವಾದರೆ ನಮ್ಮ ಮನೆಯಲ್ಲಿ ಏನು ಉಳಿದೀತು? ಜಾಫ್ನಾದ ಆ ಮನೆಗಳಲ್ಲಿ ಜಪಸರವನ್ನು ಗುರುತಿಸುವ ಕಣ್ಣುಗಳು ಉಳಿದಿದ್ದವು. ಗುರುಗಳಿಲ್ಲದ ಆ ಕಾಲದಲ್ಲಿ ಅದನ್ನು ಕಲಿಸಿದವರು ತಂದೆತಾಯಿಗಳೇ. ಇಂದು ಸಂಜೆ ಟಿವಿ ಆರಿಸಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಪಸರ ಕೈಗೆತ್ತಿಕೊಳ್ಳೋಣವೇ?